ವೇಗದ ವಿಮಾನ ಏರುವ ಮುನ್ನ

ಪೈಲಟ್ ಆಗಬೇಕೆಂದು ಹೊರಟ ವಿದ್ಯಾರ್ಥಿಗಳು ಮೊದಲ ಕೆಲವು ಪಾಠಗಳಲ್ಲೇ ಕೇಳುವ ಪದ ‘ಸ್ಟಾಲ್’. ಮನೆಯಲ್ಲಿ ಈ ಮಾತು ಬಂದರೆ ತಂದೆ ತಾಯಿಗೆ ಗಾಬರಿ. ನಡುದಾರಿಯಲ್ಲಿ ಸ್ಕೂಟರ್ ಬಂದ್ ಆಗುವಂತೆ ಆಕಾಶದಲ್ಲಿ ಎಂಜಿನ್ ನಿಂತುಬಿಡುತ್ತದೆಯೇ ಎಂಬ ಆತಂಕ. ಆದರೆ ಎಂಜಿನ್ ಪೂರ್ಣ ಶಕ್ತಿಯಿಂದ ಗರ್ಜಿಸುತ್ತಿರುವಾಗಲೂ ವಿಮಾನ ಸ್ಟಾಲ್ ಆಗಬಹುದು. ಇಲ್ಲಿ ಕೆಲಸ ನಿಲ್ಲಿಸುವುದು ರೆಕ್ಕೆ.

ರೆಕ್ಕೆ ಎದುರುಗಾಳಿಗೆ ತುಸು ಓರೆಯಾಗಿ ಸಾಗುತ್ತದೆ. ಈ ಕೋನ ಹೆಚ್ಚಿದಂತೆ ಮೇಲೆತ್ತುವ ಬಲವೂ ಹೆಚ್ಚುತ್ತದೆ. ಆದರೆ ಅದಕ್ಕೊಂದು ಮಿತಿಯುಂಟು. ಸಾಮಾನ್ಯ ಸಣ್ಣ ವಿಮಾನದಲ್ಲಿ ಕೋನ ಸುಮಾರು 15–16 ಡಿಗ್ರಿ ದಾಟಿದರೆ ರೆಕ್ಕೆಯ ಮೇಲ್ಮೈಗೆ ಅಂಟಿಕೊಂಡು ಹರಿಯುತ್ತಿದ್ದ ಗಾಳಿ ಚದುರುತ್ತದೆ, ಎತ್ತುವ ಬಲ ಕುಸಿಯುತ್ತದೆ. ಇದೇ ಸ್ಟಾಲ್. ಪರಿಹಾರ ಸರಳ: ಮೂತಿ ತಗ್ಗಿಸಿ ಕೋನ ಕಡಿಮೆ ಮಾಡುವುದು, ರೆಕ್ಕೆಗಳನ್ನು ಸಮ ಮಾಡುವುದು, ಎಂಜಿನ್ ಶಕ್ತಿ ಕೊಡುವುದು. ಇದಕ್ಕೆ ಬೇಕಾದದ್ದು ಎತ್ತರ. ಆದ್ದರಿಂದಲೇ ಶಿಕ್ಷಕರು ಸಾಕಷ್ಟು ಮೇಲೆ ಹೋಗಿ ಇದನ್ನು ಅಭ್ಯಾಸ ಮಾಡಿಸುತ್ತಾರೆ.

ಜಗತ್ತಿನ ಅನೇಕ ತರಬೇತಿ ಶಾಲೆಗಳಲ್ಲಿರುವ ಸೆಸ್ನಾ 172 ಈ ಪಾಠಕ್ಕೆ ಒಳ್ಳೆಯ ಗುರು. ಸ್ಟಾಲ್ ಹತ್ತಿರ ಬಂದಾಗ ಎಚ್ಚರಿಕೆಯ ಸದ್ದು ಕೇಳಿಸುತ್ತದೆ, ವಿಮಾನ ನಡುಗುತ್ತದೆ, ಮೂತಿ ಮೆಲ್ಲಗೆ ಕೆಳಗಿಳಿಯುತ್ತದೆ. ಹಿಡಿತ ಸಡಿಲಿಸಿದರೆ ಮತ್ತೆ ಹಾರತೊಡಗುತ್ತದೆ. ಸಣ್ಣಪುಟ್ಟ ತಪ್ಪುಗಳನ್ನು ಅದು ಮನ್ನಿಸುತ್ತದೆ. ತೊಂದರೆ ಶುರುವಾಗುವುದು ಈ ಮನ್ನಣೆಗೆ ಒಗ್ಗಿದ ಕೈ ಹೆಚ್ಚು ಶಕ್ತಿಯ ವಿಮಾನಕ್ಕೆ ಹೋದಾಗ. ಮೊಪೆಡ್ ಓಡಿಸಿ ರೂಢಿಯಾದವನು ಬುಲೆಟ್ ಏರಿದಂತೆ.

ಅಮೆರಿಕದ ಸಿರಸ್ ಎಸ್‌ಆರ್22 ಅಂಥದೊಂದು ವಿಮಾನ. 180 ಅಶ್ವಶಕ್ತಿಯ ಸೆಸ್ನಾ 172ರ ಬದಲು ಇಲ್ಲಿರುವುದು 310 ಅಶ್ವಶಕ್ತಿ. 200ಕ್ಕಿಂತ ಹೆಚ್ಚು ಅಶ್ವಶಕ್ತಿಯ ಎಂಜಿನ್ ಇದ್ದರೆ ಪ್ರತ್ಯೇಕ ತರಬೇತಿ ಪಡೆದು ಶಿಕ್ಷಕರ ಸಹಿ ಪಡೆಯಬೇಕೆಂದು ಅಲ್ಲಿನ ನಿಯಮ ಹೇಳುತ್ತದೆ. ಕಾರಣವಿದೆ. ಕಡಿಮೆ ವೇಗದಲ್ಲಿ ಒಮ್ಮೆಲೇ ಪೂರ್ಣ ಶಕ್ತಿ ಕೊಟ್ಟರೆ ಪ್ರೊಪೆಲರ್ ವಿಮಾನವನ್ನು ಎಡಕ್ಕೆ ಎಳೆಯುತ್ತದೆ, ಮೂತಿಯೂ ಮೇಲೇಳುತ್ತದೆ. ಬಲಗಾಲಿನ ರಡ್ಡರ್ ಪೆಡಲ್ ತಕ್ಕಷ್ಟು ಒತ್ತದಿದ್ದರೆ ಸ್ಟಾಲ್ ಆಗುವ ಕ್ಷಣದಲ್ಲಿ ಒಂದು ರೆಕ್ಕೆ ಮೊದಲು ಕುಸಿದು, ವಿಮಾನ ಗಿರಗಿರನೆ ಸುತ್ತುತ್ತಾ ಬೀಳುವ ‘ಸ್ಪಿನ್’ ಆರಂಭವಾಗಬಹುದು.

ವೇಗದ ಲೆಕ್ಕವೂ ಬೇರೆ. ಇಳಿಯುವಾಗ ರೆಕ್ಕೆಯ ಫ್ಲಾಪುಗಳನ್ನು ಪೂರ್ತಿ ಬಿಟ್ಟಿದ್ದರೆ ಸೆಸ್ನಾ 172 ಗಂಟೆಗೆ ಸುಮಾರು 90 ಕಿ.ಮೀ.ಗೆ, ಎಸ್‌ಆರ್22 ಸುಮಾರು 110 ಕಿ.ಮೀ.ಗೆ ಸ್ಟಾಲ್ ಆಗುತ್ತದೆ. ಅಂತರ ಸಣ್ಣದೆನಿಸಬಹುದು. ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣವೆಂದು ಭೌತಶಾಸ್ತ್ರದಲ್ಲಿ ಓದಿದವರು ಲೆಕ್ಕ ಹಾಕಿ ನೋಡಲಿ: ತೂಕ ಒಂದೇ ಎಂದುಕೊಂಡರೂ ನೆಲಕ್ಕೆ ಬಡಿಯುವ ಶಕ್ತಿ ಸುಮಾರು ಒಂದೂವರೆ ಪಟ್ಟು. ಎಸ್‌ಆರ್22ರ ತೂಕವೋ ಇನ್ನೂ ಹೆಚ್ಚು.

ಇನ್ನು ತಿರುವಿನ ವಿಷಯ. ಎತ್ತರ ಕಳೆದುಕೊಳ್ಳದೆ 45 ಡಿಗ್ರಿ ವಾಲಿ ತಿರುಗಿದರೆ ಸ್ಟಾಲ್ ವೇಗ ಶೇ 19ರಷ್ಟು, 60 ಡಿಗ್ರಿ ವಾಲಿದರೆ ಶೇ 41ರಷ್ಟು ಏರುತ್ತದೆ. ಆಗ ಆ 110 ಕಿ.ಮೀ. 155 ಆಗುತ್ತದೆ. ಎಸ್‌ಆರ್22 ರನ್‌ವೇ ಕಡೆ ಇಳಿದು ಬರುವ ವೇಗ ಗಂಟೆಗೆ ಸುಮಾರು 145–150 ಕಿ.ಮೀ.! ಕೊನೆಯ ತಿರುವಿನಲ್ಲಿ ರನ್‌ವೇಯ ನೇರ ತಪ್ಪಿತೆಂದು ಅವಸರದಿಂದ ಇನ್ನಷ್ಟು ವಾಲಿಸಿ ಮೂತಿ ಎಳೆದ ಪೈಲಟ್, ವೇಗಮಾಪಕ ಸರಿಯಾದ ಅಂಕಿಯನ್ನೇ ತೋರಿಸುತ್ತಿದ್ದರೂ ಸ್ಟಾಲ್‌ಗೆ ಸಿಲುಕುವುದು ಹೀಗೆ.

ಸಿರಸ್ ತಯಾರಕರು ಇದಕ್ಕೆ ಉಪಾಯ ಮಾಡದೇ ಇಲ್ಲ. ರೆಕ್ಕೆಯ ಒಳಭಾಗ ಮೊದಲು ಸ್ಟಾಲ್ ಆಗುವಂತೆ, ಹೊರಭಾಗ ಇನ್ನೂ ಹಾರುತ್ತಿರುವಂತೆ ವಿನ್ಯಾಸವಿದೆ. ಇಡೀ ವಿಮಾನವನ್ನೇ ಇಳಿಸುವ ಪ್ಯಾರಾಚೂಟ್ ಕೂಡ ಇದೆ. ಅದು ಅನೇಕರ ಜೀವ ಉಳಿಸಿದೆ. ಆದರೆ ಮೊದಲ ಮಾದರಿಗಳ ಕೈಪಿಡಿಯ ಪ್ರಕಾರ, ಒಂದು ಸುತ್ತು ಸ್ಪಿನ್ ಆದ ಮೇಲೆ ಪ್ಯಾರಾಚೂಟ್ ಬಿಚ್ಚಿ ವಿಮಾನವನ್ನು ಹಿಡಿಯುವಷ್ಟರಲ್ಲಿ 920 ಅಡಿ ಎತ್ತರ ಕಳೆದಿರುತ್ತದೆ. ಇಳಿಯುವಾಗಿನ ಕೊನೆಯ ತಿರುವು ಸಾಮಾನ್ಯವಾಗಿ ನಡೆಯುವುದು ಸುಮಾರು 500 ಅಡಿಯಲ್ಲಿ. ಅಲ್ಲಿ ಕಾಪಾಡುವುದು ಪೈಲಟ್‌ನ ಅಭ್ಯಾಸ ಮಾತ್ರ.

2016ರ ಜೂನ್ 9ರಂದು ಅಮೆರಿಕದ ಹ್ಯೂಸ್ಟನ್‌ನಲ್ಲಿ ನಡೆದದ್ದು ಇದಕ್ಕೆ ಸಾಕ್ಷಿ. ದೊಡ್ಡ ವಿಮಾನಗಳ ದಟ್ಟಣೆಯ ನಡುವೆ ಹಲವು ಬಾರಿ ಇಳಿಯಲು ಯತ್ನಿಸಿದ ಸಿರಸ್ ಎಸ್‌ಆರ್20 ಮತ್ತೆ ಮೇಲೇರುವಾಗ ಸ್ಟಾಲ್ ಆಗಿ ಬಿತ್ತು. ಒಳಗಿದ್ದ ಮೂವರೂ ಸತ್ತರು. ಸುರಕ್ಷಿತ ವೇಗ ಬರುವ ಮೊದಲೇ ಫ್ಲಾಪ್ ಮಡಚಿದ್ದನ್ನು ತನಿಖೆ ಗುರುತಿಸಿತು. ಆ ಮೊದಲು, 2010ರ ದಶಕದ ಆರಂಭದಲ್ಲೇ, ತಯಾರಕರೂ ಮಾಲೀಕರ ಸಂಘವೂ ತರಬೇತಿಗೆ ಒತ್ತು ಕೊಡತೊಡಗಿದ್ದರು. ಆನಂತರದ ವರ್ಷಗಳಲ್ಲಿ ಸಿರಸ್ ವಿಮಾನಗಳ ಮಾರಕ ಅಪಘಾತಗಳ ಪ್ರಮಾಣ ಇಳಿಯಿತು. ಪ್ಯಾರಾಚೂಟ್ ಮೊದಲಿನಿಂದಲೂ ಇತ್ತು. ಬದಲಾದದ್ದು ಕಲಿಕೆಯ ಕ್ರಮ.

ನಮ್ಮಲ್ಲಿ ವಾಣಿಜ್ಯ ಪೈಲಟ್ ಲೈಸೆನ್ಸಿಗೆ 200 ಗಂಟೆಗಳ ಹಾರಾಟ ಬೇಕು. ಲಕ್ಷಾಂತರ ರೂಪಾಯಿ ಸುರಿಯುವ ಪೋಷಕರು ಗಂಟೆಗಳ ಲೆಕ್ಕವನ್ನಷ್ಟೇ ಕೇಳಿದರೆ ಸಾಲದು. ಒಂದು ವಿಮಾನದಿಂದ ಇನ್ನೊಂದಕ್ಕೆ ಬದಲಾಯಿಸುವಾಗ ಎಷ್ಟು ಪಾಠ ಕೊಡುತ್ತಾರೆ, ಹೊಸ ವಿಮಾನದಲ್ಲಿ ಸ್ಟಾಲ್ ಅಭ್ಯಾಸವನ್ನು ನೇರ ಹಾರಾಟದಲ್ಲಿ, ತಿರುವಿನಲ್ಲಿ, ಪೂರ್ಣ ಶಕ್ತಿಯಲ್ಲಿ ಮಾಡಿಸುತ್ತಾರೆಯೇ ಎಂದು ವಿಚಾರಿಸಬೇಕು. ವಿದ್ಯಾರ್ಥಿಗಳೂ ಅಷ್ಟೇ. ಹೊಸ ವಿಮಾನದ ಕೈಪಿಡಿ ಕೈಗೆ ಬಂದಾಗ ಗರಿಷ್ಠ ವೇಗದ ಪುಟಕ್ಕಿಂತ ಮೊದಲು ಸ್ಟಾಲ್ ವೇಗದ ಪುಟ ತೆರೆಯಬೇಕು. ತಿರುವು ಸರಿಹೋಗದಿದ್ದರೆ ಎಳೆದಾಡದೆ ಮೇಲೇರಿ, ಇನ್ನೊಂದು ಸುತ್ತು ಹಾಕಿ ಬರಬೇಕು. ಆ ಸುತ್ತಿಗೆ ಖರ್ಚಾಗುವುದು ಒಂದಿಷ್ಟು ಇಂಧನ, ಐದಾರು ನಿಮಿಷ.