ಅಧ್ಯಾಯಕ್ಕೊಂದು ಪರಿವಿಡಿ ಇರಲಿ

ನಂಜನಗೂಡು ತಾಲ್ಲೂಕಿನ ದೇವನೂರು ಕನ್ನಡ ಸಂಶೋಧಕರಿಗೆ ಹೊಸ ಹೆಸರಲ್ಲ. ಅದು ದೇವನೂರ ಮಹಾದೇವ ಅವರ ಊರು. 1984ರಲ್ಲಿ ಬಂದು 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಅವರ ‘ಕುಸುಮಬಾಲೆ’ ಕಾದಂಬರಿಯ ನುಡಿ ಆ ಸೀಮೆಯದು. ಕಾದಂಬರಿಯ ರೂಪ, ದಲಿತ ಸಾಹಿತ್ಯ, ಆಡುಮಾತು ಹೀಗೆ ಯಾವ ವಿಷಯ ಹಿಡಿದು ಹೊರಟ ಪಿಎಚ್.ಡಿ. ಪ್ರಬಂಧವೂ ಆ ಊರನ್ನು ಹಾದುಹೋಗಬಹುದು. ಆದರೆ ಅಂಥ ಪ್ರಬಂಧದಲ್ಲಿ ತಮ್ಮ ಸೀಮೆಯ ಬಗ್ಗೆ ಏನು ಬರೆದಿದೆ ಎಂದು ಊರಿನವರೇ ಯಾರಾದರೂ ಮೊಬೈಲಿನಲ್ಲಿ ಹುಡುಕಿದರೆ, ಅವರ ಕೈಗೆ ಸಾಮಾನ್ಯವಾಗಿ ಸಿಗುವುದು ಅದರ ಒಂದು ಅಧ್ಯಾಯ ಮಾತ್ರ.

ಇದಕ್ಕೆ ಕಾರಣವಿದೆ. ಪ್ರಬಂಧದ ವಿದ್ಯುನ್ಮಾನ ಪ್ರತಿಯನ್ನೂ ಕೊಡಬೇಕೆಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗ 2009ರ ನಿಯಮಾವಳಿಯಲ್ಲಿ ಕಡ್ಡಾಯ ಮಾಡಿತು. ಆ ಪ್ರತಿಗಳು ಗುಜರಾತಿನ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ‘ಶೋಧಗಂಗಾ’ ಭಂಡಾರಕ್ಕೆ ಸೇರುತ್ತವೆ. ಅಲ್ಲಿ ಮುಖಪುಟ, ಪ್ರಮಾಣಪತ್ರ, ಪರಿವಿಡಿ, ಒಂದೊಂದು ಅಧ್ಯಾಯ, ಎಲ್ಲವೂ ಬೇರೆ ಬೇರೆ ಪಿಡಿಎಫ್ ಕಡತಗಳು. ಮೂರನೆಯ ಅಧ್ಯಾಯವನ್ನು ತೆರೆದವರ ಮುಂದೆ ಅರವತ್ತೆಪ್ಪತ್ತು ಪುಟಗಳಿರಬಹುದು, ಆದರೆ ಅದರಲ್ಲಿ ಏನೇನಿದೆ ಎಂದು ಹೇಳುವ ಪರಿವಿಡಿ ಇನ್ನೊಂದು ಕಡತದಲ್ಲಿ ಉಳಿದಿರುತ್ತದೆ. ಅದನ್ನು ತೆರೆದರೂ ತೊಡಕು ತೀರುವುದಿಲ್ಲ. ಪರಿವಿಡಿ 142ನೆಯ ಪುಟ ಎನ್ನುತ್ತದೆ, ಅಧ್ಯಾಯದ ಕಡತ ಅದೇ ಪುಟವನ್ನು ಒಂದನೆಯದು ಎಂದು ಎಣಿಸುತ್ತದೆ. ಪ್ರಬಂಧ ಒಂದೇ ಕಡತವಾಗಿದ್ದಾಗ ಪರಿವಿಡಿಯ ಸಾಲು ಒತ್ತಿದರೆ ಆ ಪುಟಕ್ಕೆ ಹೋಗುತ್ತಿದ್ದ ಕೊಂಡಿಗಳೂ ಕಡತ ಒಡೆದ ಮೇಲೆ ಸತ್ತಿರುತ್ತವೆ.

ಪರಿಹಾರ ಸರಳ. ಪ್ರತಿ ಅಧ್ಯಾಯದ ಶೀರ್ಷಿಕೆಯ ಕೆಳಗೇ ಆ ಅಧ್ಯಾಯದ ಉಪಶೀರ್ಷಿಕೆಗಳ ಒಂದು ಕಿರು ಪರಿವಿಡಿ ಹಾಕಬೇಕು. ಅಧ್ಯಾಯ ಎಲ್ಲಿಗೆ ಹೋದರೂ ಪರಿವಿಡಿ ಅದರ ಜೊತೆಗೇ ಹೋಗುತ್ತದೆ. ಕೊಂಡಿಗಳೂ ಅದೇ ಕಡತದೊಳಗಿರುವುದರಿಂದ ಸಾಮಾನ್ಯವಾಗಿ ಕೆಲಸ ಮಾಡುತ್ತಿರುತ್ತವೆ.

ಈ ಏರ್ಪಾಡು ಕನ್ನಡಕ್ಕೆ ಹೊಸದೇನೂ ಅಲ್ಲ. ಕುಮಾರವ್ಯಾಸನ ಭಾರತದಲ್ಲಿ ಪ್ರತಿ ಸಂಧಿಯ ತಲೆಯಲ್ಲಿ ‘ಸೂಚನೆ’ ಇದೆ. ಭಾಮಿನಿ ಷಟ್ಪದಿಯ ಅರ್ಧದಷ್ಟು ಅಳತೆಯಲ್ಲಿ, ಮೂರೇ ಸಾಲಿನಲ್ಲಿ, ಅದು ಮುಂದಿನ ಕಥೆಯನ್ನು ಹೇಳಿಬಿಡುತ್ತದೆ. ಲಕ್ಷ್ಮೀಶನ ಜೈಮಿನಿ ಭಾರತದ ಸಂಧಿಗಳಿಗೂ ಸೂಚನೆಗಳಿವೆ. ಗಮಕ ಕೇಳಲು ಬಂದವರು ಇಡೀ ಕಾವ್ಯವನ್ನು ಒಂದೇ ಸಲ ಕೇಳುವುದಿಲ್ಲ. ಆ ಹೊತ್ತಿನ ಸಂಧಿಯಲ್ಲಿ ಏನು ನಡೆಯುತ್ತದೆ ಎಂಬುದು ಅವರಿಗೆ ಅಲ್ಲೇ ತಿಳಿಯಬೇಕು. ಬಿ.ಎಲ್. ರೈಸ್ 1894ರಲ್ಲಿ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಮೂರನೆಯ ಸಂಪುಟವೂ ಇದೇ ದಾರಿಯದು. ಶಾಸನಗಳು ತಾಲ್ಲೂಕುವಾರು ಬರುತ್ತವೆ, ಪ್ರತಿ ತಾಲ್ಲೂಕಿಗೂ ಎಣಿಕೆ ಒಂದರಿಂದ ಶುರುವಾಗುತ್ತದೆ. ತಲಕಾಡಿನ ಶಾಸನ ಬೇಕಾದವರು ಟಿ. ನರಸೀಪುರ ತಾಲ್ಲೂಕಿನ ಭಾಗಕ್ಕೆ, ದೇವನೂರಿನ ಆಸುಪಾಸಿನದು ಬೇಕಾದವರು ನಂಜನಗೂಡಿನ ಭಾಗಕ್ಕೆ ನೇರ ಹೋಗಬಹುದು.

ಇನ್ನು ಮಾಡುವುದು ಹೇಗೆ? ಕಂಪ್ಯೂಟರು ದಪ್ಪ ಅಕ್ಷರ ಕಂಡು ‘ಇದು ಶೀರ್ಷಿಕೆ’ ಎಂದು ತಿಳಿಯುವುದಿಲ್ಲ. ನಾವು ಗುರುತು ಹಾಕಿ ಹೇಳಬೇಕು. ವರ್ಡ್‌ನಲ್ಲಿ ಆ ಗುರುತಿಗೆ ‘ಹೆಡಿಂಗ್’ ಶೈಲಿಗಳಿವೆ. ಅಧ್ಯಾಯದ ಹೆಸರಿಗೆ ಹೆಡಿಂಗ್ 1, ಒಳಭಾಗಕ್ಕೆ ಹೆಡಿಂಗ್ 2, ಅದರೊಳಗಿನದಕ್ಕೆ ಹೆಡಿಂಗ್ 3. ಬರೆಯುವಾಗಲೇ ಇಷ್ಟು ಮಾಡಿಟ್ಟರೆ ಮುಕ್ಕಾಲು ಕೆಲಸ ಮುಗಿದಂತೆ. ಆಮೇಲೆ ಇಡೀ ಅಧ್ಯಾಯವನ್ನು ಆಯ್ಕೆ ಮಾಡಿ ಅದಕ್ಕೊಂದು ಬುಕ್‌ಮಾರ್ಕ್ ಹೆಸರು ಕೊಡಿ. ಹೊಸ ಪರಿವಿಡಿ ಸೇರಿಸುವಾಗ ‘ಹಳೆಯದರ ಜಾಗಕ್ಕೆ ಇದನ್ನು ಹಾಕಲೇ’ ಎಂದು ವರ್ಡ್ ಕೇಳಿದರೆ ಬೇಡ ಎನ್ನಿ. ಆಲ್ಟ್ ಜೊತೆ ಎಫ್9 ಒತ್ತಿದಾಗ ಪರಿವಿಡಿಯ ಹಿಂದಿನ ಆಜ್ಞೆ ಕಾಣುತ್ತದೆ; ಅದರಲ್ಲಿ ‘ಬಿ’ ಸ್ವಿಚ್ಚಿನ ಮುಂದೆ ಬುಕ್‌ಮಾರ್ಕಿನ ಹೆಸರು, ‘ಓ’ ಸ್ವಿಚ್ಚಿನ ಮುಂದೆ 2-3 ಎಂಬ ಮಟ್ಟ ಕೊಟ್ಟರೆ ಆ ಅಧ್ಯಾಯದ ಒಳಶೀರ್ಷಿಕೆಗಳು ಮಾತ್ರ ಬರುತ್ತವೆ. ಉಚಿತವಾಗಿ ಸಿಗುವ ಲಿಬ್ರೆಆಫೀಸ್‌ನಲ್ಲಿ ಇಷ್ಟು ಸುತ್ತಾಟವಿಲ್ಲ. ಪರಿವಿಡಿ ಇಡೀ ದಾಖಲೆಗೋ ಈ ಅಧ್ಯಾಯಕ್ಕೋ ಎಂಬ ಆಯ್ಕೆ ಅಲ್ಲೇ ಇದೆ.

ಲೇಟೆಕ್ ಬಳಸುವವರಿಗೆ ‘ಮಿನಿಟಾಕ್’ ಎಂಬ ಪ್ಯಾಕೇಜ್ ಇದೆ. ಮುಖ್ಯ ಪರಿವಿಡಿಯ ಆಜ್ಞೆಗೆ ಮೊದಲು ‘ಡೊಮಿನಿಟಾಕ್’ ಎಂದೂ ಪ್ರತಿ ಅಧ್ಯಾಯದ ಶೀರ್ಷಿಕೆಯಾದ ಮೇಲೆ ‘ಮಿನಿಟಾಕ್’ ಎಂದೂ ಆಜ್ಞೆ ಕೊಡಬೇಕು. ಇಲ್ಲಿ ಹೊಸಬರು ಎರಡು ಕಡೆ ಎಡವುತ್ತಾರೆ. ಮೊದಲ ಸಲ ಓಡಿಸಿದಾಗ ಪರಿವಿಡಿ ಖಾಲಿ ಇರುತ್ತದೆ, ಏಕೆಂದರೆ ಲೇಟೆಕ್ ಆಗಿನ್ನೂ ಶೀರ್ಷಿಕೆ ಮತ್ತು ಪುಟಸಂಖ್ಯೆಗಳನ್ನು ಬದಿಯ ಕಡತವೊಂದರಲ್ಲಿ ಬರೆದುಕೊಳ್ಳುತ್ತಿರುತ್ತದೆ. ಎರಡನೆಯ ಸಲ ಅದನ್ನು ಓದಿ ಅಚ್ಚಿಗೆ ಹಾಕುತ್ತದೆ. ಹಾಗೆ ಬಂದ ಪರಿವಿಡಿಯೇ ಜಾಗ ತೆಗೆದುಕೊಂಡು ಮುಂದಿನ ಪುಟಗಳನ್ನು ತಳ್ಳುವುದರಿಂದ, ಸಂಖ್ಯೆ ಸರಿಹೋಗಲು ಮೂರನೆಯ ಸಲವೂ ಓಡಿಸಬೇಕು. ಇನ್ನೊಂದು ಎಡವಟ್ಟು ಅರಿಕೆ, ಮುನ್ನುಡಿಗಳಂಥ ಸಂಖ್ಯೆಯಿಲ್ಲದ ಅಧ್ಯಾಯಗಳದು. ಅವನ್ನು ಮುಖ್ಯ ಪರಿವಿಡಿಗೆ ಕೈಯಾರೆ ಸೇರಿಸಿದಾಗ ಮಿನಿಟಾಕ್‌ನ ಲೆಕ್ಕ ತಪ್ಪಿ, ಒಂದು ಅಧ್ಯಾಯದ ಒಳಶೀರ್ಷಿಕೆಗಳು ಇನ್ನೊಂದರ ತಲೆಯ ಮೇಲೆ ಕೂರುತ್ತವೆ. ಆ ಸಂಖ್ಯೆಯಿಲ್ಲದ ಅಧ್ಯಾಯದ ಬಳಿ ‘ಅಡ್ಜಸ್ಟ್‌ಎಂಟಿಸಿ’ ಎಂಬ ಆಜ್ಞೆ ಕೊಟ್ಟರೆ ಲೆಕ್ಕ ಸರಿಯಾಗುತ್ತದೆ.

ಕನ್ನಡಕ್ಕೇ ಮೀಸಲಾದ ತೊಡಕು ಅಕ್ಷರದ್ದು. ಹಳೆಯ ನುಡಿ ತಂತ್ರಾಂಶದ ಯೂನಿಕೋಡ್ ಅಲ್ಲದ ಲಿಪಿಗಳು ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಸಂಕೇತದಲ್ಲಿ ಇಟ್ಟುಕೊಂಡಿರುತ್ತವೆ. ತೆರೆಯ ಮೇಲೆ ಕಾಣುವುದು ಕನ್ನಡವಾದರೂ ಕಡತದೊಳಗೆ ಕನ್ನಡವಿರುವುದಿಲ್ಲ. ಹೆಡಿಂಗ್ ಶೈಲಿಗೆ ನುಡಿ ಲಿಪಿ ಕೊಟ್ಟು ಪರಿವಿಡಿಯ ಶೈಲಿಯನ್ನು ಮರೆತರೆ, ಶೀರ್ಷಿಕೆಗಳು ಅಲ್ಲಿ ಅರ್ಥವಾಗದ ರೋಮನ್ ಅಕ್ಷರಗಳಾಗಿ ಬರುತ್ತವೆ. ಇದನ್ನು ಕಂಡು ಪರಿವಿಡಿಯನ್ನು ಕೈಯಲ್ಲೇ ಟೈಪು ಮಾಡುವುದು ಡಿಟಿಪಿಯವರ ರೂಢಿ. ಆಮೇಲೆ ಪುಟ ಬದಲಾದರೆ ಆ ಸಂಖ್ಯೆಗಳೆಲ್ಲ ಸುಳ್ಳಾಗುತ್ತವೆ. ಪರಿವಿಡಿಯ ಶೈಲಿಗಳಿಗೂ ಅದೇ ಲಿಪಿ ಕೊಡುವುದು ತಾತ್ಕಾಲಿಕ ಉಪಾಯ. ಮೊದಲಿಂದ ಯೂನಿಕೋಡ್‌ನಲ್ಲೇ ಬರೆಯುವುದು ನಿಜವಾದ ಉಪಾಯ. ಆಗ ಪಿಡಿಎಫ್‌ನಲ್ಲಿ ‘ನಂಜನಗೂಡು’ ಎಂದು ಹುಡುಕಿದರೆ ಸಿಗುವ ಸಾಧ್ಯತೆಯಾದರೂ ಇರುತ್ತದೆ.

ಕಿರು ಪರಿವಿಡಿಗೂ ಒಂದು ಮಿತಿ ಬೇಕು. ಎರಡು ಮಟ್ಟ ಸಾಕು, ಅರ್ಧ ಪುಟ ದಾಟಬಾರದು. ಹದಿನೈದು ಪುಟದ ಉಪಸಂಹಾರಕ್ಕೆ ಅದು ಬೇಕಿಲ್ಲ. ಮುಖ್ಯ ಪರಿವಿಡಿಯಲ್ಲಿ ಅಧ್ಯಾಯ ಮತ್ತು ಮೊದಲ ಮಟ್ಟವನ್ನಷ್ಟೇ ಉಳಿಸಿದರೆ ‘ಒಂದೇ ವಿಷಯ ಎರಡು ಸಲ ಬಂತು’ ಎಂಬ ಆಕ್ಷೇಪಕ್ಕೂ ಉತ್ತರ ಕೊಟ್ಟಂತಾಗುತ್ತದೆ. ಇದರಿಂದ ಸಂಶೋಧಕರಿಗೇ ಆಗುವ ಲಾಭವೂ ಒಂದಿದೆ. ‘ಹಿನ್ನೆಲೆ’, ‘ಸ್ವರೂಪ’, ‘ಮಹತ್ವ’ ಎಂಬ ಮೂರೇ ಶೀರ್ಷಿಕೆಗಳು ಅಧ್ಯಾಯದ ತಲೆಯ ಮೇಲೆ ಸಾಲಾಗಿ ನಿಂತಾಗ, ಅವು ಏನನ್ನೂ ಹೇಳುತ್ತಿಲ್ಲ ಎಂಬುದು ಬರೆದವರ ಕಣ್ಣಿಗೇ ಮೊದಲು ಬೀಳುತ್ತದೆ.

ಪ್ರಬಂಧದ ಅಂಚು ಎಷ್ಟಿರಬೇಕು, ರಟ್ಟಿನ ಬಣ್ಣ ಯಾವುದಿರಬೇಕು ಎಂದು ನಿಯಮ ಮಾಡುವ ವಿಶ್ವವಿದ್ಯಾಲಯಗಳು ಇದನ್ನೂ ಒಂದು ಸಾಲಿನಲ್ಲಿ ಸೇರಿಸಬಹುದು. ಅಲ್ಲಿಯವರೆಗೆ ಮಾರ್ಗದರ್ಶಕರು ಮೊದಲ ಅಧ್ಯಾಯದ ಕರಡು ಕೈಗೆ ಬಂದ ದಿನವೇ ಶೀರ್ಷಿಕೆಗಳಿಗೆ ಶೈಲಿಯ ಗುರುತು ಹಾಕಿದೆಯೇ ಎಂದು ಕೇಳಲಿ. ಸಲ್ಲಿಕೆಯ ಹಿಂದಿನ ರಾತ್ರಿ ಕೇಳಿದರೆ ಆ ಕೆಲಸ ಆಗುವುದಿಲ್ಲ.