ಯಾರು ಹೇಳಿದರೆ ಗೊತ್ತಾದ ಹಾಗೆ?

ನಮ್ಮ ಪಕ್ಕದ ಹೋಬಳಿಯ ಹುಡುಗನೊಬ್ಬ ಅಂಬೇಡ್ಕರ್ ಜಯಂತಿ ಮೆರವಣಿಗೆಯ ಫೋಟೋ ಹಾಕಿದ. ನೀಲಿ ಶಾಲು, ತಮಟೆ, ಹಿಂದೆ ಊರ ಅರಳಿಕಟ್ಟೆ. ರಾತ್ರಿ ಹಾಕಿದ್ದು, ಬೆಳಗಾಗುವುದರೊಳಗೆ ಅದರ ಕೆಳಗೆ ಬೈಗುಳದ ರಾಶಿ. ಜಾತಿ ಹಿಡಿದು, ಹೆತ್ತ ತಾಯಿಯನ್ನು ಎಳೆದು ತಂದು. ಬೈದವರಲ್ಲಿ ಇಬ್ಬರು ಅದೇ ಊರವರು. ಹೆಸರು ಮುಚ್ಚಿಕೊಂಡಿರಲಿಲ್ಲ, ಮುಖ ಮುಚ್ಚಿಕೊಂಡಿರಲಿಲ್ಲ. ಯಾಕೆ ಮುಚ್ಚಿಕೊಳ್ಳಬೇಕು, ಊರು ಯಾರದು? ಹುಡುಗ ಠಾಣೆಗೆ ಹೋದ. ಅಲ್ಲಿ ಕೇಳಿದ್ದು ಒಂದೇ ಪ್ರಶ್ನೆ: "ಫೋನ್‌ನಾಗೆ ತಾನೇ ಬೈದದ್ದು? ಎದುರಿಗೆ ಬಂದು ಬೈದ್ರೇನೋ?"

1989ರ ದೌರ್ಜನ್ಯ ತಡೆ ಕಾಯ್ದೆಯ ಮೂರನೇ ಕಲಮು ಸಾರ್ವಜನಿಕರ ಕಣ್ಣಿಗೆ ಬೀಳುವ ಯಾವುದೇ ಸ್ಥಳದಲ್ಲಿ ಜಾತಿ ಹೆಸರು ಹಿಡಿದು ಬೈಯುವುದು ಅಪರಾಧ ಅನ್ನುತ್ತದೆ. ಅರಳಿಕಟ್ಟೆಯಲ್ಲಿ ಹತ್ತು ಜನರೆದುರು ಬೈದರೆ ಜೈಲು, ಹತ್ತು ಸಾವಿರ ಜನ ನೋಡುವ ಕಡೆ ಬೈದರೆ ತಮಾಷೆಯೇ? 2022ರಲ್ಲಿ ಕೇರಳ ಹೈಕೋರ್ಟು ಈ ಗೊಂದಲವನ್ನು ಬಿಡಿಸಿ ಹೇಳಿತು: ಅಂತರ್ಜಾಲದಲ್ಲಿ ಹಾಕಿದ್ದು ಸಾರ್ವಜನಿಕರ ಕಣ್ಣೆದುರೇ, ಬೈಸಿಕೊಂಡವರು ಆ ಹೊತ್ತಿಗೆ ಎದುರಿಗೆ ಇರಬೇಕಾಗಿಲ್ಲ. ಆ ಮಾತು ಘಟ್ಟ ಇಳಿದು ನಮ್ಮ ಠಾಣೆಯ ಮೆಟ್ಟಿಲು ಹತ್ತಲಿಲ್ಲ ಅಷ್ಟೆ.

ಬೈದವನದ್ದು ಹಾಗಿರಲಿ. ಬೈಯಲು ಕಟ್ಟೆ ಕಟ್ಟಿಕೊಟ್ಟವನದ್ದೇನು? ಫೇಸ್‌ಬುಕ್, ಯೂಟ್ಯೂಬ್, ಎಕ್ಸ್ ಇವರನ್ನೆಲ್ಲ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ 'ಮಧ್ಯವರ್ತಿ' ಅಂತ ಕರೆಯುತ್ತದೆ. ಮಂಡಿಗೆ ಟೊಮೆಟೊ ಹಾಕಿದವರಿಗೆ ಮಧ್ಯವರ್ತಿ ಅಂದರೆ ಯಾರು ಅಂತ ಹೇಳಿಕೊಡಬೇಕಾಗಿಲ್ಲ. ಮಾಲು ಯಾರದಾದರೂ ಅವನ ಕಮಿಷನ್ ಅವನಿಗೆ. ಕೊಳೆತರೆ ಹೊಣೆ ಅವನದಲ್ಲ. 79ನೇ ಕಲಮು ಹೇಳುವುದೂ ಇದನ್ನೇ. ಇನ್ನೊಬ್ಬರು ಹಾಕಿದ ಮಾತಿಗೆ ಕಂಪನಿ ಹೊಣೆಯಲ್ಲ. ಅದು ಅಕ್ರಮ ಅಂತ ನಿಜವಾಗಿ ಗೊತ್ತಾದ ಮೇಲೂ ತೆಗೆಯದಿದ್ದರೆ ಈ ರಕ್ಷಣೆ ಹೋಗುತ್ತದೆ.

ಗೊತ್ತಾಗುವುದು ಅಂದರೇನು? 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅರ್ಥ ಬರೆಯಿತು: ಕೋರ್ಟಿನ ಆದೇಶ ಬಂದರೆ, ಇಲ್ಲವೆ ಸರ್ಕಾರದ ಅಧಿಸೂಚನೆ ಬಂದರೆ ಗೊತ್ತಾದ ಹಾಗೆ.

ಗೆಳೆಯರೇ, ಇದನ್ನು ಇನ್ನೊಂದು ಸಲ ಓದಿ. ಬೈಸಿಕೊಂಡವನು ನೂರು ಸಲ ಬರೆದು ಹೇಳಿದರೂ ಕಾನೂನಿನ ಕಣ್ಣಲ್ಲಿ ಕಂಪನಿಗೆ ಗೊತ್ತಾಗುವುದಿಲ್ಲ. ಉಂಡವನಿಗೇ ಗೊತ್ತಿರುವ ನೋವನ್ನು ವಿಧಾನಸೌಧ ಹೇಳಬೇಕು, ಇಲ್ಲವೆ ಕಪ್ಪು ಕೋಟು ಹೇಳಬೇಕು. ಕೇರಿಯ ನೋವು ಊರಿಗೆ ಯಾವತ್ತು ತಾನೇ ಗೊತ್ತಾಗಿತ್ತು?

ಹಾಗಂತ ಕೋರ್ಟನ್ನು ಸುಮ್ಮನೆ ಬೈಯುವುದು ನನಗೆ ಒಪ್ಪಿಗೆಯಿಲ್ಲ. ಯಾರು ದೂರಿದರೂ ಕಂಪನಿ ತೆಗೆಯಲೇಬೇಕು ಅಂತಿದ್ದರೆ ಮೊದಲು ಹೋಗುತ್ತಿದ್ದದ್ದು ನಮ್ಮ ಹಾಡು, ನಮ್ಮ ಭಾಷಣ. ಧಣಿಯ ಮಗ ಊರಿನ ಐವತ್ತು ಹುಡುಗರ ಕೈಲಿ ದೂರು ಒತ್ತಿಸುತ್ತಿದ್ದ. ಅದೇ ತೀರ್ಪು 66ಎ ಕಲಮನ್ನೂ ಹೊಡೆದು ಹಾಕಿತು. ಮನಸ್ಸಿಗೆ ಬೇಸರವಾಗುವ ಹಾಗೆ ಬರೆದರೆ ಮೂರು ವರ್ಷ ಜೈಲು ಅನ್ನುತ್ತಿದ್ದ ಕಲಮು ಅದು. ಆಮೇಲೂ ಪೊಲೀಸರು ಅದರಡಿ ಕೇಸು ಹಾಕುತ್ತಲೇ ಇದ್ದರು. 2022ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟು ಇನ್ನೊಮ್ಮೆ ನಿಲ್ಲಿಸಿ ಅನ್ನಬೇಕಾಯಿತು. ಕಲಮು ಸತ್ತರೂ ಲಾಠಿಗೆ ಸೂತಕವಿಲ್ಲ.

ಈಗ ಗಡುವಿನ ಲೆಕ್ಕ. ಮೇಷ್ಟ್ರುಗಳು ಬೇಕಾದರೆ ಬೋರ್ಡಿನ ಮೇಲೆ ಹಾಕಿಕೊಳ್ಳಲಿ. 2021ರ ನಿಯಮ ಬಂದಾಗ ಸರ್ಕಾರವೋ ಕೋರ್ಟೋ 'ತೆಗಿ' ಅಂದರೆ ಕಂಪನಿಗೆ 36 ಗಂಟೆ. ನಾನು ನೀವು ದೂರು ಕೊಟ್ಟರೆ 15 ದಿನ, ಅಂದರೆ 360 ಗಂಟೆ. ಹತ್ತು ಪಾಲು. 2026ರ ಫೆಬ್ರವರಿಯಲ್ಲಿ ತಿದ್ದುಪಡಿ ಬಂತು: ಅವರಿಗೆ 3 ಗಂಟೆ, ಸಾಮಾನ್ಯ ದೂರಿಗೆ 7 ದಿನ, ಅಂದರೆ 168 ಗಂಟೆ. ಐವತ್ತಾರು ಪಾಲು! ಇಬ್ಬರಿಗೂ ಬೇಗ ಮಾಡಿಕೊಟ್ಟೆವು ಅಂತ ಹೇಳಿಕೊಳ್ಳಬಹುದು, ಬೆಳೆದದ್ದು ಅಂತರ.

ಕೆಲವು ದೂರುಗಳನ್ನು ಬೇಗ ತೀರಿಸಬೇಕು ಅಂತ 2022ರಲ್ಲಿ ಬೇರೆ ಗಡುವು ಸೇರಿಸಿದರು, ನಿಜ. ಲಿಂಗದ ಹೆಸರಲ್ಲಿ ಅವಮಾನಿಸುವುದು ಅದರಲ್ಲಿ ಇದೆ, ಇರಲೇಬೇಕು. ಜಾತಿಯೂ ಇದೆ. ಹೇಗಿದೆ? ಹಿಂಸೆ ಕೆರಳಿಸುವ ಉದ್ದೇಶದಿಂದ ಗುಂಪುಗಳ ನಡುವೆ ದ್ವೇಷ ಹುಟ್ಟಿಸಿದರೆ. ಬರೀ ಜಾತಿ ಹಿಡಿದು ಹಂಗಿಸುವುದಕ್ಕೆ ಅಲ್ಲಿ ಹೆಸರೇ ಇಲ್ಲ. ಹೆಣ ಬೀಳುವ ಲಕ್ಷಣ ಕಂಡರೆ ನಾವು ಅರ್ಜೆಂಟು, ಮಾನ ಹೋದರೆ ಸಾಲಿನಲ್ಲಿ ನಿಲ್ಲಿ.

ಇನ್ನು ಸರ್ಕಾರದ ಕೈಯ ಕತ್ತರಿ. 69ಎ ಕಲಮಿನಡಿ ತಡೆಯುವ ಆದೇಶಗಳನ್ನು ಗುಟ್ಟಾಗಿಡಬೇಕು ಅಂತ 2009ರ ನಿಯಮವೇ ಹೇಳುತ್ತದೆ. ಬಾಯಿ ಕಟ್ಟಿದವರು ಯಾರು, ಯಾಕೆ ಅಂತ ಬಾಯಿ ಕಟ್ಟಿಸಿಕೊಂಡವನಿಗೇ ತಿಳಿಯದಿರಬಹುದು. ಆಮೇಲೆ ಬಂತು 'ಸಹಯೋಗ್' ಪೋರ್ಟಲ್, ಅಧಿಕಾರಿಗಳು ಕಂಪನಿಗಳಿಗೆ ನೋಟೀಸು ಕಳಿಸುವ ಹೊಸ ದಾರಿ. ಅದರ ವಿರುದ್ಧ ಎಕ್ಸ್ ಕಂಪನಿ ಹಾಕಿದ ಅರ್ಜಿಯನ್ನು 2025ರ ಸೆಪ್ಟೆಂಬರ್ 24ರಂದು ನಮ್ಮ ಕರ್ನಾಟಕ ಹೈಕೋರ್ಟು ವಜಾ ಮಾಡಿತು. ಒಂದು ಕಡೆ ಬಂಡವಾಳಶಾಹಿ, ಇನ್ನೊಂದು ಕಡೆ ಪ್ರಭುತ್ವ. ಎರಡಕ್ಕೂ ದೊಡ್ಡ ವಕೀಲರು. ಬೈಸಿಕೊಂಡ ಹುಡುಗ ಆ ಜಗಳದಲ್ಲಿ ಎಲ್ಲಿದ್ದ?

ಕಂಪನಿಯವರು ನಮ್ಮ ಜಾಗ, ನಮ್ಮ ನಿಯಮ ಅನ್ನುತ್ತಾರೆ. ಹಳೇ ಮಾತು. 1927ರಲ್ಲಿ ಬಾಬಾಸಾಹೇಬರು ಮಹಾಡದ ಚವದಾರ್ ಕೆರೆಯ ನೀರು ಮುಟ್ಟಿದಾಗ ಸವರ್ಣರು ಕೋರ್ಟಿಗೆ ಹೋಗಿ ಕೆರೆ ಖಾಸಗಿ ಅಂದಿದ್ದರು. ಅದು ಸುಳ್ಳು ಅಂತ ಬಾಂಬೆ ಹೈಕೋರ್ಟಿನಲ್ಲಿ ಇತ್ಯರ್ಥವಾಗುವಾಗ 1937.

ನಮಗೆ ಬೇಕಾದದ್ದು ಸರ್ಕಾರಕ್ಕೆ ಇನ್ನೊಂದು ಕತ್ತರಿ ಅಲ್ಲ. ದೌರ್ಜನ್ಯ ಕಾಯ್ದೆಯಡಿ ಎಫ್‌ಐಆರ್ ಆದ ಗಳಿಗೆಯಿಂದ ಆ ಬೈಗುಳ, ಆ ಖಾತೆಯ ವಿವರ ಅಳಿಸಿಹೋಗದಂತೆ ಕಂಪನಿ ಕಾಯ್ದಿಡಬೇಕು, ಗೊತ್ತು ಮಾಡಿದ ದಿನದೊಳಗೆ ತನಿಖೆಯ ಡಿವೈಎಸ್‌ಪಿಗೆ ಕೊಡಬೇಕು. ದೂರು ನೋಡುವ ಕಡೆ ಕನ್ನಡ ಬಲ್ಲವರು, ಯಾವ ಪದ ಯಾರ ಬಾಯಲ್ಲಿ ಬೈಗುಳವಾಗುತ್ತದೆ, ಯಾರ ಹಾಡಿನಲ್ಲಿ ಸಿಟ್ಟಾಗುತ್ತದೆ ಅಂತ ಬಲ್ಲವರು ಕೂರಬೇಕು. ಯಾರ ಮಾತನ್ನು ತಡೆದರೂ ಕಾರಣವನ್ನು ಅವರ ಕೈಗೆ ಬರೆದು ಕೊಡಬೇಕು. ಮತ್ತೆ, ಪರಿಶಿಷ್ಟನಲ್ಲದ ಅಧಿಕಾರಿ ಬೇಕಂತಲೇ ಎಫ್‌ಐಆರ್ ಹಾಕದಿದ್ದರೆ 4ನೇ ಕಲಮಿನಲ್ಲಿ 6 ತಿಂಗಳಿಂದ 1 ವರ್ಷದವರೆಗೆ ಜೈಲಿದೆ. ಅದಕ್ಕೂ ಆಡಳಿತ ವಿಚಾರಣೆಯ ಶಿಫಾರಸು ಬೇಕು ಅಂತ ಅಗುಳಿ ಹಾಕಿಟ್ಟಿದ್ದಾರೆ. ಆ ಅಗುಳಿ ತೆಗೆಸಬೇಕು. ಅಲ್ಲಿಯವರೆಗೆ ಈ ಕಲಮಿನ ನಂಬರನ್ನಾದರೂ ಅರ್ಜಿಯಲ್ಲಿ ದಪ್ಪಕ್ಷರದಲ್ಲಿ ಬರೆಯಿರಿ.

ಹುಡುಗ ಮೂರನೇ ಸಲ ಹೋದಾಗ ನಾವು ಹನ್ನೊಂದು ಜನ ಜೊತೆಗಿದ್ದೆವು, ಎಫ್‌ಐಆರ್ ಆಯಿತು. ಕಂಪನಿಗೆ ಕೊಟ್ಟ ದೂರಿಗೆ ಉತ್ತರ ಇಂಗ್ಲಿಷಿನಲ್ಲಿ ಬಂತು. ಎಂಟನೇ ಕ್ಲಾಸಿನ ತಂಗಿ ಕೂಡಿಸಿ ಕೂಡಿಸಿ ಓದಿದಳು: "ಅವ್ರು ಬರ್ದಿರೋದು ನಮ್ ನಿಯಮಕ್ಕೆ ವಿರುದ್ಧ ಅಲ್ಲ ಅಂತವ್ರೆ ಕಣಣ್ಣ."