ಒಡಹುಟ್ಟಿದ ಕಂಠಗಳು

ಒಂದೇ ಗರ್ಭದಲ್ಲಿ ಜನಿಸಿದವರು ಕೂಡಿ ಹಾಡಿದರೆ ಆ ಗಾನದಲ್ಲಿ ವಿಶೇಷವಾದ ಮಾಧುರ್ಯವುಂಟೆಂಬ ನಂಬಿಕೆ ಬಹು ಪ್ರಾಚೀನವಾದದ್ದು. ಆದಿಕವಿಯು ತನ್ನ ಕಾವ್ಯವನ್ನು ಲೋಕಕ್ಕೆ ಕೇಳಿಸುವುದಕ್ಕಾಗಿ ಅವಳಿಗಳಾದ ಕುಶಲವರಿಗೇ ಅದನ್ನು ಕಲಿಸಿದನಷ್ಟೆ! ಈ ನಂಬಿಕೆ ನಮ್ಮ ದೇಶಕ್ಕೆ ಮಾತ್ರ ಸೇರಿದ್ದಲ್ಲ. ಅಮೆರಿಕಾ ಸಂಯುಕ್ತ ಸಂಸ್ಥಾನಗಳ ದಕ್ಷಿಣ ಪ್ರಾಂತಗಳಲ್ಲಿ ಒಕ್ಕಲಿನವರ ನಡುವೆ ಬೆಳೆದುಬಂದ ಹಳ್ಳಿಯ ಸಂಗೀತವೊಂದುಂಟು. ಅದನ್ನು ಅಲ್ಲಿಯವರು ಕಂಟ್ರಿ ಸಂಗೀತವೆನ್ನುವರು. ಅದರಲ್ಲಿ ಅಣ್ಣತಮ್ಮಂದಿರು ಜೊತೆಗೂಡಿ ಹಾಡುವುದು ಪ್ರತ್ಯೇಕವಾದ ಒಂದು ಸಂಪ್ರದಾಯವೇ ಆಗಿದೆ. ಅದನ್ನು ಕುರಿತು ಈ ಸಾರಿ ನಾಲ್ಕು ಮಾತು.

ನಮ್ಮಲ್ಲಿ ಇಬ್ಬರು ಕೂಡಿ ಹಾಡುವಾಗ ಇಬ್ಬರೂ ಒಂದೇ ಸ್ವರವನ್ನು ಹಿಡಿಯುವರು. ಒಬ್ಬನು ಷಡ್ಜದಲ್ಲಿ ನಿಂತಿರುವಾಗ ಮತ್ತೊಬ್ಬನು ಗಾಂಧಾರದಲ್ಲಿ ನಿಂತರೆ ನಾವು ಹುಬ್ಬು ಗಂಟಿಕ್ಕುತ್ತೇವೆ. ಅಲ್ಲಿಯ ಕ್ರಮ ಬೇರೆ. ಒಬ್ಬನು ಹಾಡಿನ ಮಟ್ಟನ್ನು ಹಿಡಿದು ನಡೆಯುವನು. ಇನ್ನೊಬ್ಬನು ಅದೇ ಮಾತನ್ನು ಅದೇ ಕ್ಷಣದಲ್ಲಿ ಬೇರೊಂದು ಸ್ವರದಲ್ಲಿ, ಅನೇಕವೇಳೆ ಮೇಲಿನ ಮೂರನೆಯ ಸ್ವರದಲ್ಲಿ, ಹಾಡುವನು. ಇದಕ್ಕೆ ಹಾರ್ಮನಿ ಎಂದು ಹೆಸರು. ಸ್ವರಗಳೊಳಗೆ ಪರಸ್ಪರ ಮೈತ್ರಿಯುಂಟೆಂಬುದು ನಮಗೂ ಹೊಸದಲ್ಲ. 9 ಅಥವಾ 13 ಶ್ರುತಿಗಳ ಅಂತರವುಳ್ಳ ಸ್ವರಗಳು ಸಂವಾದಿಗಳೆಂದು ಭರತನ ನಾಟ್ಯಶಾಸ್ತ್ರವೇ ಹೇಳುತ್ತದೆ. ತಂಬೂರಿಯ ಶ್ರುತಿಯೊಂದನ್ನು ಬಿಟ್ಟರೆ, ನಾವು ಆ ಮೈತ್ರಿಯನ್ನು ಒಂದಾದಮೇಲೊಂದು ಸ್ವರವಾಗಿ ಅನುಭವಿಸುತ್ತೇವೆ. ಅವರು ಏಕಕಾಲದಲ್ಲಿ ಅನುಭವಿಸುತ್ತಾರೆ.

ಇದರಲ್ಲಿ ಸೋದರರಿಗೆ ಏನು ಅನುಕೂಲ? ಗಂಟಲು, ಬಾಯಿ, ಮೂಗುಗಳ ಆಕಾರವು ಬಹುಮಟ್ಟಿಗೆ ವಂಶದಿಂದ ಬರತಕ್ಕದ್ದು. ಧ್ವನಿಯ ಬಣ್ಣವು ಅದನ್ನು ಅನುಸರಿಸುತ್ತದೆ. ಒಂದೇ ಮನೆಯಲ್ಲಿ ಮಾತು ಕಲಿತವರು ಅಕಾರ ಇಕಾರಗಳನ್ನು ಒಂದೇ ಬಗೆಯಾಗಿ ಉಚ್ಚರಿಸುವರು. ಇನ್ನೊಬ್ಬನು ಎಲ್ಲಿ ಉಸಿರು ತೆಗೆಯುವನೆಂಬುದು ಎಳೆತನದಿಂದಲೇ ಗೊತ್ತಿರುತ್ತದೆ. ಷಡ್ಜದ ಕಂಪನಗಳು 4 ಆಗುವ ಹೊತ್ತಿಗೆ ಶುದ್ಧವಾಗಿ ಕೂಡುವ ಗಾಂಧಾರದ ಕಂಪನಗಳು 5 ಆಗಬೇಕು. ಪಿಯಾನೋ ಮೊದಲಾದ ಮನೆಗಳುಳ್ಳ ವಾದ್ಯಗಳಲ್ಲಿ ಆ ಗಾಂಧಾರ ಕೊಂಚ ಏರಿರುವುದು. ಒಟ್ಟಿಗೆ ಬೆಳೆದ ಎರಡು ಕಂಠಗಳಾದರೋ ಕಿವಿಯ ಬಲದಿಂದಲೇ ಸರಿಯಾದ ಸ್ಥಾನವನ್ನು ಹುಡುಕಿಕೊಳ್ಳಬಲ್ಲವು.

ಅಲಬಾಮಾ ಪ್ರಾಂತದ ಹೆನಗರ್ ಎಂಬ ಊರಿನ ಬಳಿ ಬೆಳೆದ ಐರಾ, ಚಾರ್ಲಿ ಎಂಬ ಸೋದರರು ಇದಕ್ಕೆ ಉತ್ತಮ ನಿದರ್ಶನ. ಲೂವಿನ್ ಸೋದರರೆಂದು ಇವರು ಪ್ರಸಿದ್ಧರು. ಐರಾ ಹುಟ್ಟಿದ್ದು 1924ರಲ್ಲಿ, ಚಾರ್ಲಿ 1927ರಲ್ಲಿ. ಬೇಸಾಯದ ಮನೆತನ. ಆ ಸೀಮೆಯಲ್ಲಿ ಸೇಕ್ರೆಡ್ ಹಾರ್ಪ್ ಎಂಬ ಭಜನೆಯ ಪದ್ಧತಿಯುಂಟು. ವಾದ್ಯವಿಲ್ಲ, ಜನರು ಚೌಕವಾಗಿ ನಾಲ್ಕು ಗುಂಪಾಗಿ ಕುಳಿತು ಮೊದಲು ಸ್ವರಾಕ್ಷರಗಳನ್ನೂ ಆಮೇಲೆ ಸಾಹಿತ್ಯವನ್ನೂ ಹಾಡುವರು. ನಮ್ಮ ಗೀತೆಗಳ ಪಾಠವನ್ನು ಇದು ನೆನಪಿಗೆ ತಾರದೆ ಇರದು. ಇಂಥ ವಾತಾವರಣದಲ್ಲಿ ಈ ಹುಡುಗರ ಕಿವಿ ಪಳಗಿತು. ಐರಾನದು ಮೇಲಿನ ಸ್ಥಾಯಿ, ಮ್ಯಾಂಡೊಲಿನ್ ವಾದ್ಯ. ಚಾರ್ಲಿಯದು ಕೆಳಗಿನದು, ಗಿಟಾರ್. ಹಾಡಿನ ಮಟ್ಟು ತಮ್ಮನ ಕಂಠಕ್ಕೆ ಎಟುಕದೆ ಏರಿದರೆ ಅಣ್ಣನು ಅದನ್ನು ತಾನು ವಹಿಸಿಕೊಳ್ಳುವನು, ತಮ್ಮನು ಕೆಳಗಿಳಿಯುವನು, ಕಣ್ಸನ್ನೆಯೂ ಬೇಕಿರಲಿಲ್ಲ. 1955ರಲ್ಲಿ ನ್ಯಾಶ್‌ವಿಲ್ ನಗರದ ಗ್ರ್ಯಾಂಡ್ ಓಲ್ ಆಪ್ರಿ ಎಂಬ ಪ್ರಖ್ಯಾತ ರೇಡಿಯೋ ಗೋಷ್ಠಿಗೆ ಇವರು ಸೇರಿದರು.

ಆದರೆ ಐರಾನಿಗೆ ಕುಡಿತದ ಚಟ, ಮೂಗಿನ ತುದಿಯಲ್ಲಿ ಕೋಪ. ಶ್ರುತಿ ನಿಲ್ಲದಿದ್ದರೆ ಮ್ಯಾಂಡೊಲಿನ್ನನ್ನೇ ಒಡೆದುಹಾಕುತ್ತಿದ್ದನು. ಸಹಿಸುವಷ್ಟು ಸಹಿಸಿ 1963ರಲ್ಲಿ ತಮ್ಮನು ಬೇರೆಯಾದನು. 1965ರಲ್ಲಿ ಐರಾ ಮೋಟಾರಿನ ಅಪಘಾತದಲ್ಲಿ ತೀರಿಕೊಂಡನು. ಚಾರ್ಲಿ 2011ರವರೆಗೆ ಬದುಕಿದ್ದನು. ಮುಂಚೆ ಇಬ್ಬರೂ ಒಂದೇ ಮೈಕಿನ ಮುಂದೆ ನಿಲ್ಲುತ್ತಿದ್ದರಷ್ಟೆ. ಜೊತೆಯ ಸ್ವರ ಬರಬೇಕಾದ ಎಡೆ ಬಂದಾಗ, ಬಲಗಡೆಯಲ್ಲಿ ಯಾರೂ ಇಲ್ಲವೆಂದು ತಿಳಿದಿದ್ದರೂ, ತಾನು ಈಗಲೂ ಎಡಕ್ಕೆ ಸರಿದು ಜಾಗ ಬಿಡುವೆನೆಂದು ಮುಪ್ಪಿನಲ್ಲಿ ಅವನು ಹೇಳಿಕೊಂಡಿದ್ದಾನೆ. ಬದುಕಿದ್ದಾಗ ಜೊತೆಯಲ್ಲಿರಲಾಗದೆ ಹೋದ ಅಣ್ಣನಿಗೆ ನಲವತ್ತು ವರ್ಷ ಹಾಗೆಯೇ ಜಾಗ ಬಿಟ್ಟುಕೊಟ್ಟದ್ದನ್ನು ಏನೆಂದು ಕರೆಯೋಣ?

ಎವರ್ಲಿ ಸೋದರರ ಕಥೆಯೂ ಇಂಥದೇ. ಡಾನ್ ಹುಟ್ಟಿದ್ದು 1937ರಲ್ಲಿ, ಫಿಲ್ 1939ರಲ್ಲಿ. ತಂದೆ ಐಕ್ ಕಲ್ಲಿದ್ದಲ ಗಣಿಯಲ್ಲಿ ದುಡಿದಿದ್ದವನು, ಗಿಟಾರ್ ನಿಪುಣ. ಬಾಲ್ಯದಲ್ಲಿಯೇ ಮಕ್ಕಳು ತಂದೆತಾಯಿಗಳ ಸಂಗಡ ಅಯೋವಾ ಪ್ರಾಂತದ ರೇಡಿಯೋದಲ್ಲಿ ಹಾಡಿದರು. 1957ರಲ್ಲಿ ಹೊರಬಂದ 'ಬೈ ಬೈ ಲವ್' ಎಂಬ ಹಾಡಿನಿಂದ ಕೀರ್ತಿ ಲೋಕಕ್ಕೆಲ್ಲ ಹರಡಿತು. ಇಂಗ್ಲೆಂಡಿನ ಬೀಟಲ್ಸ್ ತರುಣರು ಕೂಡಿ ಹಾಡುವುದನ್ನು ಇವರನ್ನು ಕೇಳಿ ಕಲಿತರು. 1973ರ ಜುಲೈನಲ್ಲಿ ಕ್ಯಾಲಿಫೋರ್ನಿಯಾದ ಒಂದು ಸಭೆಯಲ್ಲಿ ಫಿಲ್ ಗಿಟಾರನ್ನು ಒಡೆದು ಹೊರಟುಹೋದನು. ಸುಮಾರು 10 ವರ್ಷ ಮಾತುಕತೆ ಇಲ್ಲವೆನ್ನುವಷ್ಟು ಕಡಮೆ. 1983ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಮತ್ತೆ ಕೂಡಿ ಹಾಡಿದಾಗ ಮುಂಚಿನ ಸಾಮರಸ್ಯವು ಕಂಠಗಳಲ್ಲಿ ಹಾಗೆಯೇ ಇತ್ತು. ಫಿಲ್ 2014ರಲ್ಲಿಯೂ ಡಾನ್ 2021ರಲ್ಲಿಯೂ ಗತಿಸಿದರು.

ಇವನ್ನು ನೋಡಿದರೆ ಗೃಹಸ್ಥರು ಯೋಚಿಸತಕ್ಕ ಸಂಗತಿಯೊಂದು ತೋರುತ್ತದೆ. ಕಂಠವು ಪಿತ್ರಾರ್ಜಿತವಾದ ಸ್ವತ್ತು, ಸೌಹಾರ್ದವಾದರೋ ಸ್ವಯಾರ್ಜಿತ. ಒಂದೇ ರಕ್ತವೆಂಬ ಭರವಸೆಯಿಂದ ಎರಡನೆಯದನ್ನು ಸಂಪಾದಿಸುವ ಶ್ರಮವನ್ನು ನಾವು ಬಿಟ್ಟುಬಿಡುತ್ತೇವೆ. ಅನ್ಯರೊಡನೆ ಆಡಲು ಹಿಂಜರಿಯುವ ಮಾತನ್ನು ಒಡಹುಟ್ಟಿದವನಿಗೆ ನಿಸ್ಸಂಕೋಚವಾಗಿ ಆಡುತ್ತೇವೆ. ಹಾರ್ಮನಿಯಲ್ಲಿ ಇಬ್ಬರೂ ಒಂದೇ ಸ್ವರವನ್ನು ಹಿಡಿಯಬೇಕೆಂಬ ನಿರ್ಬಂಧವಿಲ್ಲ. ತನ್ನ ಸ್ವರವನ್ನು ಬಿಡದೆ ಇನ್ನೊಬ್ಬನ ಸ್ವರವನ್ನು ಕೇಳುತ್ತಿದ್ದರೆ ಸಾಕು. ಮನೆಯ ಮಕ್ಕಳು ಕೂಡಿ ಹಾಡುವಾಗ ಯಾರದು ಹೆಚ್ಚು, ಯಾರದು ಕಡಮೆ ಎಂದು ತೂಗದೆ, ಒಬ್ಬರನ್ನೊಬ್ಬರು ಕೇಳುವ ಅಭ್ಯಾಸವನ್ನು ಹಿರಿಯರು ಮಾಡಿಸಿದರೆ, ಆ ಅಭ್ಯಾಸವು ಹಾಡು ಮುಗಿದಮೇಲೂ ಅವರಿಗೆ ಉಪಯೋಗಕ್ಕೆ ಬಂದೀತು.